ರಾತ್ರಿ ಹೊತ್ತು ವಾರ್ಡ್‌ನಲ್ಲಿ ಒಬ್ಬರೇ ಸಿಸ್ಟರ್, ಯಾರಿಗೆ ಹೇಳಬೇಕು?

ತುಂಗಾತೀರ:
ಅಪ್ಪನಿಗೆ ಸ್ಟ್ರೋಕ್ ಆಗಿದೆ. ಖಾಸಗಿ ಆಸ್ಪತ್ರೆಯ ಜನರಲ್ ವಾರ್ಡ್‌ನಲ್ಲಿದ್ದಾರೆ, ಎಡಗೈ ಎಡಗಾಲು ಆಡುವುದಿಲ್ಲ. ಹಗಲು ತೊಂದರೆ ಇಲ್ಲ. ರಾತ್ರಿ ಇಡೀ ವಾರ್ಡ್‌ಗೆ ಒಬ್ಬರೇ ಸಿಸ್ಟರ್, ಡ್ರಿಪ್ ಮುಗಿಯಿತು ಅಂತ ಹೇಳೋಕೆ ಹೋದರೆ ಅವರು ಆ ತುದಿಯಲ್ಲಿ ಯಾರಿಗೋ ಇಂಜೆಕ್ಷನ್ ಕೊಡುತ್ತಿರುತ್ತಾರೆ, ಇಲ್ಲಿಗೆ ಬರುವಷ್ಟರಲ್ಲಿ ಅರ್ಧ ಗಂಟೆ. ಈಗ ಅಪ್ಪನ ಸೊಂಟದ ಕೆಳಗೆ ಕೆಂಪಗಾಗಿದೆ. ಜಗಳ ಮಾಡಿದರೆ ಅಪ್ಪನನ್ನು ಸರಿಯಾಗಿ ನೋಡಿಕೊಳ್ಳಲಿಕ್ಕಿಲ್ಲ ಅಂತ ಅಮ್ಮನಿಗೆ ಭಯ. ಏನು ಮಾಡಲಿ?

ಸ್ಟಾಫ್ ನರ್ಸ್, ಹುಬ್ಬಳ್ಳಿ:
ಮೊದಲು ಆ ಕೆಂಪನ್ನು ಈ ರಾತ್ರಿಯೇ ತೋರಿಸಿ, ಬೆಳಿಗ್ಗೆ ರೌಂಡ್ಸ್‌ಗೆ ಕಾಯಬೇಡಿ. ಬೆರಳಿಂದ ಒತ್ತಿ ಬಿಟ್ಟರೂ ಕೆಂಪು ಮಾಸದಿದ್ದರೆ ಅದು ಬೆಡ್ ಸೋರ್ (ಒಂದೇ ಕಡೆ ಮಲಗಿ ಒತ್ತಡದಿಂದ ಆಗುವ ಹುಣ್ಣು) ಶುರು ಅಂತಲೇ ಅರ್ಥ. ಸಾಮಾನ್ಯವಾಗಿ 2 ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಏರ್ ಬೆಡ್ ಹಾಕಿದ್ದರೂ ಅದು ತಪ್ಪುವುದಿಲ್ಲ. ಹಿಮ್ಮಡಿಯನ್ನೂ ನೋಡಿ. ಹೇಗೆ ತಿರುಗಿಸುವುದು ಅಂತ ಸಿಸ್ಟರ್ ಹತ್ತಿರ ಒಮ್ಮೆ ಕಲಿತುಕೊಳ್ಳಿ, ಆಡದ ಕೈ ಹಿಡಿದು ಮಾತ್ರ ಎಳೆಯಬೇಡಿ, ಭುಜದ ಕೀಲು ಜಾರಬಹುದು. ಮಲಗಿದ್ದಲ್ಲೇ ನೀರು ಕುಡಿಸಬೇಡಿ, ಸ್ಟ್ರೋಕ್ ಆದವರಿಗೆ ನೀರು ಶ್ವಾಸಕೋಶಕ್ಕೆ ಇಳಿಯಬಹುದು. ಡ್ರಿಪ್ ವೇಗ, ಆಕ್ಸಿಜನ್ ಇವನ್ನು ಪಕ್ಕದ ಬೆಡ್‌ನವರು ಹೇಳಿದರೂ ಮುಟ್ಟಬೇಡಿ. ಉಸಿರು ಜೋರಾದರೆ, ಮಾತು ಇನ್ನಷ್ಟು ತೊದಲಿದರೆ, ಎಬ್ಬಿಸಿದರೂ ಏಳದಿದ್ದರೆ ಸಿಸ್ಟರ್‌ಗೆ ಹೇಳಿ ಡ್ಯೂಟಿ ಡಾಕ್ಟರನ್ನು ಕರೆಸಿ, ಸಂಕೋಚ ಬೇಡ.

ಇನ್ನೊಂದು ಮಾತು. ರಾತ್ರಿ 8ರಿಂದ ಬೆಳಿಗ್ಗೆ 8ರವರೆಗೆ 30 ಬೆಡ್ ಒಬ್ಬಳೇ ನೋಡಿದ್ದೇನೆ. ಒಬ್ಬರ ಬಿಪಿ ಬಿದ್ದರೆ ಉಳಿದ 29 ಜನ ಕಾಯಲೇಬೇಕು. ಭಾರತೀಯ ನರ್ಸಿಂಗ್ ಪರಿಷತ್ತಿನ ಲೆಕ್ಕದಲ್ಲಿ ಬೋಧನಾ ಆಸ್ಪತ್ರೆಯಲ್ಲಿ 3 ಬೆಡ್‌ಗೆ ಒಬ್ಬರು, ಉಳಿದ ಕಡೆ 5ಕ್ಕೆ ಒಬ್ಬರು ನರ್ಸ್ ಇರಬೇಕು. ಅವರನ್ನು ಮೂರು ಪಾಳಿಗೆ ಹಂಚಿದರೂ ರಾತ್ರಿ 15 ಬೆಡ್‌ಗೆ ಒಬ್ಬರಾದರೂ ಸಿಗಬೇಕು ಅಲ್ವಾ? ಆ ಸಿಸ್ಟರ್ ಮೇಲೆ ಕೂಗಾಡಿದರೆ ಅವರಿಗೆ ಎರಡು ಕೈ ಜಾಸ್ತಿ ಬರುವುದಿಲ್ಲ. ಆಡಳಿತದವರನ್ನು ಕೇಳಿ.

ಬಯಲುಸೀಮೆ:
ಆಯಾಗೆ ದುಡ್ಡು ಕೊಟ್ಟು ರಾತ್ರಿ ಕೂರಿಸಿಕೊಳ್ಳಿ, ನಾವು ಹಾಗೇ ಮಾಡಿದ್ದು.

ಸ್ಟಾಫ್ ನರ್ಸ್, ಹುಬ್ಬಳ್ಳಿ:
ಮಗ್ಗುಲು ಬದಲಿಸಲು, ಬಟ್ಟೆ ಬದಲಿಸಲು ಆಯಾ ಸಾಕು. ಔಷಧಿ, ಮೂಗಿನ ಟ್ಯೂಬ್, ಕ್ಯಾಥೆಟರ್ (ಮೂತ್ರದ ಟ್ಯೂಬ್) ಅವರ ಕೆಲಸ ಅಲ್ಲ. ಬಿಲ್‌ನಲ್ಲಿ ನರ್ಸಿಂಗ್ ಚಾರ್ಜ್ ಅಂತ ದಿನಾ ಹಾಕುತ್ತಾರಲ್ಲ, ಅದು ರಾತ್ರಿಗೂ ಸೇರಿದ್ದು.

ಮಲೆನಾಡಿನವ:
ಬಾಯಲ್ಲಿ ಹೇಳಿದರೆ ಉಳಿಯಲ್ಲ. ನರ್ಸಿಂಗ್ ಸೂಪರಿಂಟೆಂಡೆಂಟ್‌ಗೆ ಬರೆದು ಕೊಟ್ಟು ಪ್ರತಿಯ ಮೇಲೆ ಸೀಲ್ ಹಾಕಿಸಿಕೊಳ್ಳಿ. ಎಷ್ಟು ಹೊತ್ತಿಗೆ ಕರೆದಿರಿ, ಎಷ್ಟು ಹೊತ್ತಿಗೆ ಬಂದರು, ಕೆಂಪು ಯಾವಾಗ ಕಂಡಿತು, ಅಷ್ಟೇ ಬರೆಯಿರಿ. ಸಿಸ್ಟರ್ ಹೆಸರು ಬೇಡ. ಅಲ್ಲಿ ಆಗದಿದ್ದರೆ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರ ಇದೆ, ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯಲ್ಲಿ ದೂರು ಕೊಡಬಹುದು.

ತುಂಗಾತೀರ:
ತೋರಿಸಿದೆ. ಸಿಸ್ಟರ್ ಬಂದು ನೋಡಿ, ನನ್ನ ಕೈಯಲ್ಲೇ ತಿರುಗಿಸಿ ಕಲಿಸಿದರು, ಏರ್ ಬೆಡ್‌ಗೂ ಬರೆದಿದ್ದಾರೆ. ಅವರು ಊಟ ಕೂಡ ಮಾಡಿರಲಿಲ್ಲ. ಪತ್ರ ಬರೆಯುತ್ತಿದ್ದೇನೆ, ಅದರಲ್ಲಿ ರಾತ್ರಿಗೆ ಇನ್ನೊಬ್ಬರು ನರ್ಸ್ ಬೇಕು ಅನ್ನುವುದೇ ಮೊದಲ ಸಾಲು. ಪಕ್ಕದ ಬೆಡ್‌ಗಳವರೂ ಸಹಿ ಹಾಕುತ್ತೇವೆ ಅಂದಿದ್ದಾರೆ.