ಗೋಳಿ ಮರದಲ್ಲಿ ನಗ್ತಿರೋದು ಮಂಗಟ್ಟೆನಾ ಕೆಂದಳಿಲಾ?

ತೋಟದಮನೆ:
ನಮ್ದು ಕೊಪ್ಪ ಹತ್ರ, ಅಡಿಕೆ ತೋಟದ ಮೇಲ್ಗಡೆ ಸೊಪ್ಪಿನ ಬೆಟ್ಟ ಇದೆ. ಬೆಳಿಗ್ಗೆ ಆರೂವರೆಗೆಲ್ಲ ಅಲ್ಲಿರೋ ಗೋಳಿ ಮರದಿಂದ ಯಾರೋ ಗಂಟಲು ಕಟ್ಕೊಂಡು ನಕ್ಕಂಗೆ ಜೋರು ಸದ್ದು. ಅತ್ತೆ ಕೆಂದಳಿಲು ಅಂತಾರೆ, ಯಜಮಾನ್ರು ಮಂಗಟ್ಟೆ ಹಕ್ಕಿ ಅಂತ ಹಟ, ನಾನು ಹೋಗಿ ನೋಡಿದ್ರೆ ಎರಡೂ ಒಂದೇ ಮರದಲ್ಲಿ ಹಣ್ಣು ತಿಂತಾ ಕೂತಿರ್ತಾವೆ! ಕಿವಿಯಲ್ಲೇ ಗುರುತು ಹಿಡಿಯೋದು ಹೆಂಗೆ?

ಕಾಡುಸುತ್ತಿ:
ನಕ್ಕಂಗೆ ಅಂದ್ರಲ್ಲ, ಹಂಗಾದ್ರೆ ಅದು ಮಂಗಟ್ಟೆನೇ, ಮಲಬಾರ್ ಗ್ರೇ ಹಾರ್ನ್‌ಬಿಲ್ ಅನ್ನೋ ಜಾತಿ, ಪಶ್ಚಿಮ ಘಟ್ಟ ಬಿಟ್ರೆ ಬೇರೆಲ್ಲೂ ಇಲ್ಲ. ಕೊಕ್ಕಿನ ಮೇಲೆ ದೊಡ್ಡ ಮಂಗಟ್ಟೆಗಿರೋ ಕಿರೀಟ ಇದಕ್ಕಿಲ್ಲ. ನಗು ನಿಧಾನ ಶುರುವಾಗಿ ಏರುತ್ತೆ. ಕೆಂದಳಿಲಿಂದು ನಗು ಅಲ್ಲ, ಗಿಲಕಿ ಅಲ್ಲಾಡಿಸಿದಂಗೆ ಟಕಟಕಟಕ ಅಂತ ಒಂದೇ ಸಮ, ಅದೂ ಹೆಚ್ಚಾಗಿ ನಮ್ಮನ್ನೋ ಗಿಡುಗನ್ನೋ ನೋಡಿ ಗಾಬರಿ ಆದಾಗ, ಬಾಲ ಜಾಡಿಸ್ತಾ ಕೂಗುತ್ತೆ.

ಮಲ್ನಾಡ್ ಮೇಷ್ಟ್ರು:
ತಿನ್ನೋ ರೀತಿ ನೋಡಿ, ಅದೇ ಚಂದ. ಅಳಿಲು ಹಿಂಗಾಲಲ್ಲಿ ಕೊಂಬೆ ಹಿಡ್ಕೊಂಡು ತಲೆಕೆಳಗಾಗಿ ಜೋತು ಬಿದ್ದು, ಮುಂಗಾಲಲ್ಲಿ ಹಣ್ಣು ಹಿಡಿದು ಕಚ್ಚುತ್ತೆ. ಹಕ್ಕಿ ಕೊಕ್ಕಿನ ತುದೀಲಿ ಕಿತ್ತು, ಮೇಲೆ ಚಿಮ್ಮಿಸಿ ಗುಳಕ್ ಅಂತ ನುಂಗುತ್ತೆ. ಕಾಡಿಗೆ ಆ ನುಂಗೋದೇ ಲಾಭ, ರಾಮಪತ್ರೆ ಥರದ ದೊಡ್ಡ ಬೀಜ ಪೂರ್ತಿ ಹೊರಗೆ ಉಗಿಯುತ್ತೆ, ಅಳಿಲಾದ್ರೆ ಎಷ್ಟೋ ಸಲ ಬೀಜಾನೇ ಕಡಿದು ತಿಂದ್ಬಿಡುತ್ತೆ. ಹಂಗಂತ ಅದನ್ನ ಬೈಬೇಡಿ ಮತ್ತೆ.
ಗೂಡೂ ಬೇರೆ. ಅಳಿಲು ಎತ್ತರದ ಕೊಂಬೇಲಿ ಕಡ್ಡಿ ಎಲೆ ಸೇರಿಸಿ ಒಂದಲ್ಲ ನಾಲ್ಕಾರು ಕಟ್ಟುತ್ತೆ. ಮಂಗಟ್ಟೆ ಹೆಣ್ಣು ಪೊಟರೆ ಒಳಗೆ ಹೊಕ್ಕು ತನ್ನ ಹಿಕ್ಕೆಯಲ್ಲೇ ಬಾಗಿಲು ಮೆತ್ಕೊಂಡು ತಿಂಗಳಾನುಗಟ್ಟಲೆ ಅಲ್ಲೇ, ಗಂಡು ತಂದು ಸಂದಿಯಲ್ಲಿ ಕೊಟ್ಟಿದ್ದೇ ಊಟ. ಬೇಸಿಗೇಲಿ ಯಾವ್ದಾದ್ರೂ ಹಳೇ ಮರದ ಬುಡದಲ್ಲಿ ಬೀಜದ ರಾಶಿ ಕಂಡ್ರೆ ಮೇಲೆ ನೋಡಿ, ಆದ್ರೆ ತುಂಬಾ ಹೊತ್ತು ನಿಲ್ಬೇಡಿ, ಗಂಡು ಹೆದರಿ ಹತ್ರ ಬರಲ್ಲ.

ತೋಟದಮನೆ:
ಥ್ಯಾಂಕ್ಸ್ ಸರ್. ಇವತ್ತು ಫ್ಲಾಸ್ಕಲ್ಲಿ ಕಾಫಿ ಹಿಡ್ಕೊಂಡು ಮೂವರೂ ಹೋಗಿದ್ವಿ. ಮೊದ್ಲು ನಗು ಬಂತು, ಯಜಮಾನ್ರು ಮೀಸೆ ತಿರುವಿದ್ರು. ಅಷ್ಟರಲ್ಲಿ ನಮ್ಮ ನಾಯಿ ಬೊಗಳ್ತು ನೋಡಿ, ಮೇಲಿಂದ ಟಕಟಕ ಶುರು. ಈಗ ಅತ್ತೆ ನಾನ್ ಕೇಳಿದ್ದು ಇದನ್ನೇ ಅಂತಿದಾರೆ.