ಮನಸ್ಸನ್ನು ಓದಬಲ್ಲ ಮಕ್ಕಳ ವಸತಿ ಶಾಲೆ: ಅಲ್ಲಿ ಗುಟ್ಟು ಉಳಿಯುವುದು ಹೇಗೆ?

ಪ್ರಶ್ನೆ

ಅತೀಂದ್ರಿಯ ಶಕ್ತಿಯುಳ್ಳ ಮಕ್ಕಳಿಗಾಗಿಯೇ ಇರುವ ಒಂದು ವಸತಿ ಶಾಲೆಯನ್ನು ಕಲ್ಪಿಸಿಕೊಂಡು ಕಾದಂಬರಿ ಬರೆಯುತ್ತಿದ್ದೇನೆ. 11ರಿಂದ 17 ವರ್ಷದೊಳಗಿನ ಸುಮಾರು 60 ಮಕ್ಕಳು ಅಲ್ಲಿದ್ದಾರೆ. ಕೆಲವರಿಗೆ ಇತರರ ಮನಸ್ಸಿನಲ್ಲಿರುವುದು ತಿಳಿಯುತ್ತದೆ, ಕೆಲವರಿಗೆ ಮುಂದೆ ನಡೆಯಲಿರುವುದರ ಸುಳಿವು ಸಿಗುತ್ತದೆ, ಇಬ್ಬರು ಮೂವರು ಮುಟ್ಟದೆಯೇ ವಸ್ತುಗಳನ್ನು ಸರಿಸಬಲ್ಲರು. ತರಗತಿಯ ದೃಶ್ಯಗಳು ಸಲೀಸಾಗಿ ಬಂದವು. ಆದರೆ ರಾತ್ರಿ ದೀಪ ಆರಿಸಿದ ಮೇಲಿನ ಅಧ್ಯಾಯದಲ್ಲಿ ಮೂರು ತಿಂಗಳಿಂದ ಸಿಕ್ಕಿಬಿದ್ದಿದ್ದೇನೆ. ಎಂಟು ಹಾಸಿಗೆಗಳ ಕೋಣೆಯಲ್ಲಿ, ಹೊಸದಾಗಿ ಬಂದ ಹುಡುಗಿಯೊಬ್ಬಳು ಮನೆಯನ್ನು ನೆನೆದು ಅಳು ನುಂಗಿಕೊಂಡರೆ, ಅದು ಉಳಿದ ಏಳು ಮಂದಿಗೂ ಕೂಗಿ ಹೇಳಿದಷ್ಟೇ ಸ್ಪಷ್ಟವಾಗಿ ಕೇಳುತ್ತದೆ. ಗುಟ್ಟು ಎಂಬುದೇ ಇಲ್ಲದ ಕಡೆ ಸ್ನೇಹ, ಜಗಳ, ಅಸೂಯೆಗಳು ಹೇಗೆ ಹುಟ್ಟುತ್ತವೆ? ಪರೀಕ್ಷೆಯನ್ನಾದರೂ ಅಲ್ಲಿ ಹೇಗೆ ನಡೆಸಬೇಕು? ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1

ನಾನು ಸಾಮಾನ್ಯ ಮಕ್ಕಳ ವಸತಿ ಶಾಲೆಯೊಂದರಲ್ಲಿ ಒಂಬತ್ತು ವರ್ಷ ನಿಲಯಪಾಲಕಿಯಾಗಿದ್ದೆ. ನಿಮ್ಮ ಕೋಣೆಯ ಸ್ಥಿತಿ ನೀವು ಎಣಿಸಿದಷ್ಟು ವಿಚಿತ್ರವಾದುದಲ್ಲ. ಯಾವ ಶಕ್ತಿಯೂ ಇಲ್ಲದ ಮಕ್ಕಳ ಕೋಣೆಯಲ್ಲಿಯೂ ಯಾರು ಅಳುತ್ತಿದ್ದಾರೆ ಎಂಬುದು ಉಸಿರಿನ ಏರಿಳಿತದಿಂದಲೇ ಎಲ್ಲರಿಗೂ ಗೊತ್ತಾಗುತ್ತದೆ. ಗೊತ್ತಾದರೂ ಗೊತ್ತಾಗದಂತೆ ಮಗ್ಗುಲು ಬದಲಿಸಿ ಗೋಡೆಯ ಕಡೆ ಮುಖ ಮಾಡುವುದನ್ನು ಅವರಿಗೆ ಯಾರೂ ಹೇಳಿಕೊಡುವುದಿಲ್ಲ; ಮೊದಲ ವಾರದಲ್ಲೇ ತಾವಾಗಿ ಕಲಿಯುತ್ತಾರೆ. ನಿಮ್ಮ ಶಾಲೆಯಲ್ಲಿಯೂ ರಾತ್ರಿ ಕೇಳಿಸಿದ್ದನ್ನು ಬೆಳಿಗ್ಗೆ ಎತ್ತಬಾರದು ಎಂಬ ಕಟ್ಟಳೆಯಿರಲಿ. ಅದು ಫಲಕದ ಮೇಲೆ ಬರೆದ ನಿಯಮವಾಗಿರದೆ ಮಕ್ಕಳೇ ಕಟ್ಟಿಕೊಂಡದ್ದಾಗಿದ್ದರೆ, ಅದನ್ನು ಮುರಿದವನಿಗೆ ಸಿಗುವ ಶಿಕ್ಷೆಯೂ ಅವರದೇ ಆಗಿರುತ್ತದೆ, ಮತ್ತು ಅದು ಯಾವ ಮುಖ್ಯೋಪಾಧ್ಯಾಯರ ಶಿಕ್ಷೆಗಿಂತಲೂ ಕಠಿಣವಾಗಿರುತ್ತದೆ.

ಇನ್ನೊಂದು ಮಾತು. ಇಂಥ ಶಾಲೆಯಲ್ಲಿ ಹೊಸಬರಿಗೆ ಮೊದಲು ಕಲಿಸಬೇಕಾದದ್ದು ಶಕ್ತಿಯನ್ನು ಹೆಚ್ಚಿಸಿಕೊಳ್ಳುವುದನ್ನಲ್ಲ, ಮನಸ್ಸಿಗೆ ಬೇಲಿ ಹಾಕಿಕೊಳ್ಳುವುದನ್ನು. ಅತ್ಯಂತ ಸುಲಭದ ಬೇಲಿಯೆಂದರೆ ಮಗ್ಗಿ. ಹದಿಮೂರರ ಮಗ್ಗಿಯನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿರುವವರೆಗೆ ಹೊರಗಿನವರಿಗೆ ಕೇಳಿಸುವುದು ಮಗ್ಗಿ ಮಾತ್ರ. ಆದರೆ ನಿದ್ದೆ ಬಂದೊಡನೆ ಮಗ್ಗಿ ನಿಲ್ಲುತ್ತದೆ, ಕನಸಿಗೆ ಬೇಲಿ ಇಲ್ಲ. ನಿಮ್ಮ ಅಧ್ಯಾಯ ಅಲ್ಲಿಂದ ಆರಂಭವಾಗಬಹುದು.

ನನ್ನನ್ನು ಹೆಚ್ಚು ಕಾಡುವುದು ನಿಲಯಪಾಲಕರ ಸ್ಥಿತಿ. ನಲವತ್ತು ಮಕ್ಕಳಲ್ಲಿ ಒಂದು ಮಗುವಿನ ಮೇಲೆ ನನಗೆ ಹೆಚ್ಚು ಅಕ್ಕರೆ ಇತ್ತು, ಇನ್ನೊಂದನ್ನು ಕಂಡರೆ ದಣಿವಾಗುತ್ತಿತ್ತು. ಅದನ್ನು ಅವರಿಂದ ಮುಚ್ಚಿಡಲು ನಾನು ಪಟ್ಟ ಶ್ರಮವೇ ನನ್ನ ಕೆಲಸದ ದೊಡ್ಡ ಪಾಲಾಗಿತ್ತು. ನಿಮ್ಮ ಶಾಲೆಯಲ್ಲಿ ಹಾಗೆ ಮುಚ್ಚಿಡಲು ಸಾಧ್ಯವಿಲ್ಲ. ಆದ್ದರಿಂದ ಅಲ್ಲಿಗೆ ಬೇಕಾಗಿರುವುದು ಕೆಟ್ಟ ಯೋಚನೆಯೇ ಬಾರದ ವ್ಯಕ್ತಿಯಲ್ಲ. ತನ್ನ ಯೋಚನೆ ಮಗುವಿಗೆ ತಿಳಿದುಹೋಯಿತೆಂದು ಅರಿತ ಮೇಲೂ ಅದರ ಕಣ್ಣು ತಪ್ಪಿಸದೆ ಬಳಿಯಲ್ಲಿ ಕುಳಿತುಕೊಳ್ಳಬಲ್ಲ ವ್ಯಕ್ತಿ.

ಉತ್ತರ 2

ಪರೀಕ್ಷೆಯ ಬಗ್ಗೆ ಹೇಳುತ್ತೇನೆ. 1930ರ ದಶಕದಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಜೋಸೆಫ್ ಬ್ಯಾಂಕ್ಸ್ ರೈನ್ ಅವರು ಝೀನರ್ ಕಾರ್ಡುಗಳಿಂದ ಇಂಥ ಶಕ್ತಿಯನ್ನು ಅಳೆಯಲು ಯತ್ನಿಸಿದರು. ವೃತ್ತ, ಕೂಡುಚಿಹ್ನೆ, ಅಲೆಗೆರೆಗಳು, ಚೌಕ, ನಕ್ಷತ್ರ ಎಂಬ ಐದು ಚಿಹ್ನೆಗಳು, ಒಂದೊಂದಕ್ಕೆ ಐದರಂತೆ ಒಟ್ಟು 25 ಕಾರ್ಡುಗಳು. ಮುಚ್ಚಿಟ್ಟ ಕಾರ್ಡಿನಲ್ಲಿ ಯಾವ ಚಿಹ್ನೆ ಇದೆಯೆಂದು ಅದನ್ನು ನೋಡದೆಯೇ ಹೇಳಬೇಕು; 25 ಕಾರ್ಡುಗಳು ಮುಗಿದರೆ ಒಂದು ಸುತ್ತು. ಸುಮ್ಮನೆ ಊಹಿಸಿದರೂ ಸರಾಸರಿ ಐದು ಸರಿಯಾಗುತ್ತವೆ. ಹತ್ತು ಸುತ್ತು ಆಡಿಸಿದರೆ ಒಮ್ಮೆ ಎಂಟು ಬರುವುದೂ ಅಸಹಜವಲ್ಲ. ಹೀಗಾಗಿ ಒಂದೇ ಸುತ್ತಿನ ಅಂಕದಿಂದ ಮಗುವನ್ನು ಸೇರಿಸಿಕೊಳ್ಳುವ ಶಾಲೆ ಬಹಳಷ್ಟು ಅದೃಷ್ಟವಂತರನ್ನು ಮಾತ್ರ ಸೇರಿಸಿಕೊಂಡಿರುತ್ತದೆ. ಆರಂಭದ ಕೆಲವು ಕಾರ್ಡುಗಳಲ್ಲಿ ಚಿಹ್ನೆ ಹಿಂಬದಿಯಿಂದಲೇ ಕಾಣುತ್ತಿತ್ತೆಂಬ ಟೀಕೆ ಬಂದಿತು. ಪರೀಕ್ಷಕರ ಮುಖಭಾವದಿಂದ ಸುಳಿವು ಸಿಗಬಹುದೆಂಬ ಆಕ್ಷೇಪವೂ ಇತ್ತು. ಆ ಫಲಿತಾಂಶಗಳನ್ನು ವಿಜ್ಞಾನ ಲೋಕ ಇಂದಿಗೂ ಒಪ್ಪಿಲ್ಲ. ಆದರೆ ಆ ಟೀಕೆಗಳೇ ನಿಮಗೆ ಶಾಲೆಯ ನಿಯಮಗಳಾಗಿ ಒದಗುತ್ತವೆ: ಉತ್ತರ ಬಲ್ಲವರು ಯಾರೂ ಪರೀಕ್ಷಾ ಕೋಣೆಯ ಬಳಿ ಇರಬಾರದು. ಇತಿಹಾಸದ ಪರೀಕ್ಷೆಗೆ ಗಣಿತದ ಶಿಕ್ಷಕರು ಮೇಲ್ವಿಚಾರಕರಾಗಿ ನಿಲ್ಲಬೇಕು, ಮಕ್ಕಳಿಗೆ ಬೇರೆ ಬೇರೆ ಪ್ರಶ್ನೆಪತ್ರಿಕೆ ಇರಬೇಕು.

ರೈನ್ ಅವರು ಗಮನಿಸಿದ ಇನ್ನೊಂದು ಸಂಗತಿಯೂ ಇದೆ. ಮೊದಲು ಹೆಚ್ಚು ಅಂಕ ಗಳಿಸಿದವರ ಅಂಕಗಳು ದಿನ ಕಳೆದಂತೆ ಇಳಿಯುತ್ತ ಬರುತ್ತಿದ್ದವು. ಟೀಕಾಕಾರರ ಪ್ರಕಾರ ಮೊದಲಿನ ಅಂಕವೇ ಆಕಸ್ಮಿಕ. ನಿಮ್ಮ ಕಥೆಯಲ್ಲಿ ಅದು ಮಗುವಿನ ಭಯವಾಗಬಲ್ಲದು. ಶಕ್ತಿ ಇಳಿಯುತ್ತಿದೆ, ಇದು ಗೊತ್ತಾದರೆ ಮನೆಗೆ ಕಳುಹಿಸುತ್ತಾರೆ, ಮನೆಯಲ್ಲಿ ತನ್ನನ್ನು ಕಂಡರೆ ಎಲ್ಲರೂ ಹೆದರುತ್ತಾರೆ ಎಂದು ತಿಳಿದಿರುವ ಹುಡುಗನಿಗಿಂತ ದೊಡ್ಡ ಗುಟ್ಟನ್ನು ಹೊತ್ತವರು ಆ ಶಾಲೆಯಲ್ಲಿ ಇರಲಾರರು.

ಉತ್ತರ 3

ಮೊದಲ ಉತ್ತರದ ಸೌಜನ್ಯದ ಕಟ್ಟಳೆಯನ್ನು ನಾನು ಪೂರ್ಣವಾಗಿ ನಂಬಲಾರೆ. 60 ಮಕ್ಕಳಲ್ಲಿ ಒಬ್ಬನು ಮುರಿದರೂ ಅದು ಕುಸಿಯುತ್ತದೆ. ಶಕ್ತಿಗೇ ಒಂದು ಮಿತಿಯನ್ನು ಇಡಿ. ಪತಂಜಲಿಯ ಯೋಗಸೂತ್ರದ ವಿಭೂತಿಪಾದದಲ್ಲಿ ಪರಚಿತ್ತಜ್ಞಾನ, ಅಂದರೆ ಇತರರ ಚಿತ್ತದ ಅರಿವು, ಲಭಿಸುತ್ತದೆಂದು ಹೇಳಿದ ಬಳಿಕ, ಆ ಚಿತ್ತ ಯಾವುದನ್ನು ಆಲಂಬಿಸಿದೆ ಎಂಬುದು ಮಾತ್ರ ಆ ಅರಿವಿಗೆ ವಿಷಯವಾಗುವುದಿಲ್ಲ ಎಂಬ ಮಾತು ಬರುತ್ತದೆ. ಎದುರಿನವನ ಮನಸ್ಸಿನಲ್ಲಿ ಭಯವಿದೆಯೆಂದು ತಿಳಿಯುತ್ತದೆ, ಯಾವುದರ ಭಯವೆಂದು ತಿಳಿಯುವುದಿಲ್ಲ. ನಿಮ್ಮ ಏಳು ಮಕ್ಕಳಿಗೂ ಹುಡುಗಿಯ ದುಃಖ ಕೇಳಿಸಲಿ, ಕಾರಣ ಕೇಳಿಸದಿರಲಿ. ಆಗ ಒಬ್ಬಳು ತನ್ನಿಂದಲೇ ನೋವಾಯಿತೆಂದು ತಿಳಿಯುತ್ತಾಳೆ, ಇನ್ನೊಬ್ಬಳು ಅದನ್ನು ತಿರಸ್ಕಾರವೆಂದು ಓದುತ್ತಾಳೆ. ಜಗಳ, ಅಸೂಯೆಗಳಿಗೆ ಇಷ್ಟು ಸಾಕು.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಕೃತಜ್ಞತೆಗಳು. ಕಾರಣ ಕೇಳಿಸದೆ ದುಃಖ ಮಾತ್ರ ಕೇಳಿಸುವ ಮಿತಿಯನ್ನು ಒಪ್ಪಿಕೊಂಡು ನಿನ್ನೆ ರಾತ್ರಿ ಅಧ್ಯಾಯವನ್ನು ಮೊದಲಿನಿಂದ ಬರೆದೆ. ಹುಡುಗಿ ಹದಿಮೂರರ ಮಗ್ಗಿ ಹೇಳಿಕೊಳ್ಳುತ್ತ ‘ಹದಿಮೂರೇಳ್ಲ’ ಎಂಬಲ್ಲಿಗೆ ಬರುವಾಗ ನಿದ್ದೆ ಹೋಗುತ್ತಾಳೆ. ಅವಳ ಕನಸು ಹೊರಗೆ ಹರಿಯುವ ಮೊದಲೇ, ಪಕ್ಕದ ಹಾಸಿಗೆಯ ಮಗು ಉಳಿದವರಿಗೆಲ್ಲ ಕೇಳುವಂತೆ ಮನಸ್ಸಿನಲ್ಲಿ ‘ತೊಂಬತ್ತೊಂದು’ ಎಂದು ಮುಂದುವರಿಸುತ್ತದೆ. ಅದು ಆಯಾಸಗೊಂಡಾಗ ಇನ್ನೊಂದು ಹಾಸಿಗೆ. ಕಿಟಕಿಯ ಬಳಿಯ ಹುಡುಗಿಯೊಬ್ಬಳು ಮಾತ್ರ ಸೇರಿಕೊಳ್ಳುವುದಿಲ್ಲ. ಅವಳು ಏಕೆ ಸುಮ್ಮನಿದ್ದಾಳೆಂದು ಇನ್ನೂ ಯೋಚಿಸುತ್ತಿದ್ದೇನೆ.