ಹಕ್ಕುಪತ್ರ ಅಪ್ಪನ ಹೆಸರಲ್ಲಿ, ಮನೆ ಅಮ್ಮನ ಹೆಸರಲ್ಲಿ: ದಯವಿಟ್ಟು ಸಹಾಯ ಮಾಡಿ

ಎಲ್ಲರಿಗೂ ನಮಸ್ಕಾರ. ಬಸವ ವಸತಿ ಯೋಜನೆಯಲ್ಲಿ ನಮ್ಮ ಅಮ್ಮನಿಗೆ ಮನೆ ಮಂಜೂರಾಗಿದೆ. ಗ್ರಾಮಸಭೆಯಲ್ಲೇ ಹೆಸರು ಓದಿದರು. ಸಹಾಯಧನ 1 ಲಕ್ಷ 20 ಸಾವಿರ. ತಳಪಾಯ, ಲಿಂಟಲ್, ಛಾವಣಿ, ಕೊನೆಗೆ ಪೂರ್ಣ ಮನೆ, ಹೀಗೆ ಹಂತ ಹಂತವಾಗಿ ಜಿಪಿಎಸ್ ಫೋಟೋ ತೆಗೆದ ಮೇಲೆ ದುಡ್ಡು ಬರುತ್ತದೆ.

ಸಾಲ ಮಾಡಿ ತಳಪಾಯ ಹಾಕಿಸಿದೆವು. ಈಗ ಫೋಟೋ ತೆಗೆಯಲು ಒಪ್ಪುತ್ತಿಲ್ಲ. ಜಾಗ 94ಸಿ (ಸರ್ಕಾರಿ ಜಾಗದಲ್ಲಿ ಕಟ್ಟಿಕೊಂಡ ಮನೆಯನ್ನು ಸಕ್ರಮ ಮಾಡಿಕೊಡುವ ಕಾನೂನು) ಅಡಿ ಸಿಕ್ಕಿದ್ದು, ಹಕ್ಕುಪತ್ರ ಅಪ್ಪನ ಹೆಸರಲ್ಲಿದೆ. ಅಪ್ಪ ಈಗಿಲ್ಲ. "ಮೊದಲು ಅಮ್ಮನ ಹೆಸರಿಗೆ ಮಾಡಿಸಿಕೊಂಡು ಬನ್ನಿ" ಎನ್ನುತ್ತಾರೆ ಪಂಚಾಯಿತಿಯಲ್ಲಿ. ತಾಲ್ಲೂಕು ಕಚೇರಿಗೆ ಹೋದರೆ, "ಹಕ್ಕುಪತ್ರದ ಜಾಗ ಇಷ್ಟು ಬೇಗ ಬೇರೆಯವರ ಹೆಸರಿಗೆ ಆಗಲ್ಲ" ಅಂತ ವಾಪಸ್ ಕಳಿಸಿದರು. ಮಾರಾಟಕ್ಕೆ ಹೇಳುವ ಮಾತನ್ನೇ ವಾರಸುದಾರರಿಗೂ ಹೇಳುವುದು ಸರಿನಾ? ಅಮ್ಮ ಬೇರೆಯವರು ಹೇಗಾಗುತ್ತಾರೆ?

ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ನನ್ನ ಮತ್ತು ತಂಗಿಯ ಒಪ್ಪಿಗೆ ಪತ್ರ ಎಲ್ಲ ಕೊಟ್ಟಿದ್ದೇವೆ. ನಾಲ್ಕು ಸಲ ಕೂಲಿ ಬಿಟ್ಟು ಓಡಾಡಿದ್ದೇನೆ. ತಳಪಾಯದಲ್ಲಿ ಮಳೆನೀರು ನಿಂತಿದೆ, ಕಬ್ಬಿಣದ ಸರಳು ತುಕ್ಕು ಹಿಡಿಯುತ್ತಿದೆ. ಹಳೇ ಮನೆ ಕೆಡವಿದ್ದರಿಂದ ಅಮ್ಮ ಪಕ್ಕದಲ್ಲೇ ತಗಡಿನ ಶೆಡ್‌ನಲ್ಲಿದ್ದಾರೆ. ರಾತ್ರಿ ಮಳೆ ಬಂದರೆ ಅಕ್ಕಿ ಚೀಲವನ್ನು ಮಂಚದ ಮೇಲಿಟ್ಟು ತಾವು ಕೂತೇ ಇರುತ್ತಾರೆ. ಅದನ್ನು ನೋಡಲಾಗುತ್ತಿಲ್ಲ.

ಇಂಥದ್ದೇ ಕೇಸ್ ಮಾಡಿಸಿದವರು ಅಥವಾ ಪಂಚಾಯಿತಿ ಕೆಲಸ ಗೊತ್ತಿರುವವರು ದಯವಿಟ್ಟು ಹೇಳಿ. 94ಸಿ ಜಾಗಕ್ಕೆ ಪೌತಿ ಖಾತೆಯ (ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸುವ) ಅರ್ಜಿಯನ್ನು ಪಂಚಾಯಿತಿಗೆ ಕೊಡಬೇಕಾ, ತಹಶೀಲ್ದಾರರಿಗೆ ಕೊಡಬೇಕಾ? ಅದು ಆಗುವವರೆಗೆ ವಂಶವೃಕ್ಷ ಮತ್ತು ಒಪ್ಪಿಗೆ ಪತ್ರದ ಮೇಲೆ ಫೋಟೋ ತೆಗೆಸಲು ಅವಕಾಶ ಇದೆಯಾ?